ಕಾರ್ಯಕ್ರಮ ಶುರುವಾಗುವ ಮುಂಚೆ

"ಅಕ್ಕಾ, ಮೈಕ್ ಟೆಸ್ಟಿನೋರು ಓಗ್ಬುಟ್ರಂತೆ" ಎಂದು ಪಾಂಡವಪುರದಿಂದ ಫೋನು ಬಂದಾಗ ನನಗೆ ಮೊದಲು ಬಂದದ್ದು ಸಿಟ್ಟು. ಅಳು ಆಮೇಲೆ ಬಂತು. ಫೋನು ಮಾಡಿದವನು ನಮ್ಮ ಹಳೆಯ ಆರ್ಕೆಸ್ಟ್ರಾದಲ್ಲಿ ರಿದಂ ಪ್ಯಾಡ್ ಬಾರಿಸುತ್ತಿದ್ದವನು. ವರ್ಷಗಟ್ಟಲೆ ಆ ಮನುಷ್ಯನ ಹಾಡಿಗೆ ತಾಳ ಕೊಟ್ಟವನ ಬಾಯಲ್ಲೂ ಅವರು ಕಡೆಗೆ ಮೈಕ್ ಟೆಸ್ಟಿನವರಾಗಿಯೇ ಉಳಿದರಲ್ಲ ಎಂದು ಹೊಟ್ಟೆ ಉರಿಯಿತು. ಗೊತ್ತಿಲ್ಲದವರು ಕೇಳಿದರೆ ಏನೆಂದುಕೊಳ್ಳಬೇಕು? ಯಾರೋ ವೈರು ಎಳೆಯುವವರು, ಶಾಮಿಯಾನದ ಕಡೆಯವರು ಎಂದುಕೊಳ್ಳುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರು ಹಾಡುಗಾರರು. ಸ್ವಂತ ಹಾಡು ಕಟ್ಟಿ, ಸ್ವಂತ ದನಿಯಲ್ಲಿ, ಒಬ್ಬರೇ ನಿಂತು ಹಾಡಿದವರು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನಲ್ಲಿ ತೊಂಬತ್ತರ ದಶಕದಲ್ಲಿ ಅಂಥವರು ಇನ್ನೊಬ್ಬರಿದ್ದರೆ ತೋರಿಸಿ, ಈ ಬರಹವನ್ನು ಹರಿದು ಹಾಕುತ್ತೇನೆ.

ಅವರ ಹೆಸರು ಬರೆಯುವುದಿಲ್ಲ. ಆರ್ಕೆಸ್ಟ್ರಾದ ಪೋಸ್ಟರಿನಲ್ಲಿ ಅವರ ಹೆಸರು ಒಂದು ದಿನವೂ ಬಿದ್ದಿರಲಿಲ್ಲ. ಆ ಕಾಲದ ದೊಡ್ಡ ಸಿನಿಮಾ ಗಾಯಕರೊಬ್ಬರ ಹೆಸರಿನ ಹಿಂದೆ 'ಜೂನಿಯರ್' ಎಂದು ಸೇರಿಸಿದರೆ ಅದೇ ನಮ್ಮ ಅಣ್ಣ. ಒಡಹುಟ್ಟಿದವರಲ್ಲ, ತಂಡದಲ್ಲಿ ಎಲ್ಲರೂ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆವು. ನನ್ನ ಪಾಡೂ ಅಷ್ಟೇ. ನಾಗಮಂಗಲದ ನನ್ನನ್ನು ಯಾವ ಗಾಯಕಿಯ ಜೂನಿಯರ್ ಎಂದು ಕರೆಯುತ್ತಿದ್ದರು ಎನ್ನುವುದನ್ನು ಈಗ ಹೇಳಿದರೆ ನನ್ನ ಸ್ಕೂಲಿನ ಮಕ್ಕಳು ನಗುತ್ತಾರೆ. ಆಗಿನ ಆರ್ಕೆಸ್ಟ್ರಾದ ಧರ್ಮವೇ ಹಾಗಿತ್ತು. ನಮಗೆ ಸಿಗುವ ದೊಡ್ಡ ಹೊಗಳಿಕೆ ಎಂದರೆ 'ಕಣ್ಣು ಮುಚ್ಕೊಂಡು ಕೇಳಿದ್ರೆ ಥೇಟ್ ಅವರೇ' ಎನ್ನುವುದು. ಹಾಡಿದವರು ಯಾರು ಎಂದು ಕಣ್ಣು ಬಿಟ್ಟು ನೋಡುವವರು ಇರಲಿಲ್ಲ.

ಅಣ್ಣನಿಗೆ ಗಂಜಾಂನಲ್ಲಿ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಅಂಗಡಿ. ನಿಮಿಷಾಂಬ ದೇವಸ್ಥಾನಕ್ಕೆ ಹೋಗುವ ದಾರಿಯಲ್ಲೇ. ಎತ್ತರದ ಆಳು, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ಪ್ರೋಗ್ರಾಂ ಇದ್ದ ದಿನ ಬಿಳಿ ಶೂ. ಹಾಡುವ ಮುಂಚೆ ಬಲಗೈಯನ್ನು ಕಿವಿಗೆ ಆನಿಸಿಕೊಂಡು, ಯಾರೋ ದೂರದಿಂದ ಕೂಗುವುದನ್ನು ಕೇಳಿಸಿಕೊಳ್ಳುವವರ ಹಾಗೆ ಒಂದು ಗಳಿಗೆ ನಿಲ್ಲುತ್ತಿದ್ದರು. ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿದ್ದ ಮಾತು 'ಬತ್ತದೆ ಬುಡು'. ಬಸ್ಸು ತಪ್ಪಿತೇ, ಬತ್ತದೆ ಬುಡು. ಕರೆಂಟು ಹೋಯಿತೇ, ಬತ್ತದೆ ಬುಡು. ಅಳುಕು ಎನ್ನುವುದು ಆ ಮನುಷ್ಯನಿಗೆ ದೇವರು ಕೊಟ್ಟಿರಲೇ ಇಲ್ಲ.

ಹೀಗಿದ್ದವರ ತಲೆ ಕೆಡಿಸಿದ್ದು ಒಂದು ಕ್ಯಾಸೆಟ್ಟು. ಶ್ರೀರಂಗಪಟ್ಟಣದ ಕೋಟೆ ನೋಡಲು ಬಂದ ಇಂಗ್ಲೆಂಡಿನವನೊಬ್ಬ ಕೆಟ್ಟುಹೋದ ವಾಕ್‌ಮನ್ ಹಿಡಿದುಕೊಂಡು ಅಣ್ಣನ ಅಂಗಡಿಗೆ ಬಂದನಂತೆ. ಒಳಗೆ ಟೇಪು ಸುತ್ತಿಕೊಂಡು ಗಂಟಾಗಿತ್ತು. ಅಣ್ಣ ಬಿಡಿಸಿ, ಹರಿದ ಕಡೆ ಅಂಟಿಸಿ, ಸರಿ ಮಾಡಿಕೊಟ್ಟರು. ಅವನು ಖುಷಿಯಾಗಿ ವಾಕ್‌ಮನ್ನು ತೆಗೆದುಕೊಂಡು ಕ್ಯಾಸೆಟ್ಟನ್ನು ಇವರ ಕೈಗೇ ಇಟ್ಟು ಹೋದ. ಮುಂದಿನ ರಿಹರ್ಸಲ್ಲಿಗೆ ಅಣ್ಣ ಅದನ್ನು ಜೇಬಿನಲ್ಲಿಟ್ಟುಕೊಂಡು ಬಂದರು. ನಾನು ಪಿಯುಸಿವರೆಗೆ ಓದಿದವಳು, ಆ ತಂಡಕ್ಕೆ ನಾನೇ ಇಂಗ್ಲಿಷ್ ಪಂಡಿತೆ. ಒಳಗಿನ ಕಾಗದದಲ್ಲಿ ಏನಿದೆ ಓದಿ ಹೇಳು ಎಂದರು.

ಕವರಿನ ಮೇಲೆ ಉದ್ದ ಕೂದಲು, ಗಡ್ಡ ಬಿಟ್ಟ ಒಬ್ಬ ಗಿಟಾರು ಹಿಡಿದು ಒಂಟಿಯಾಗಿ ನಿಂತಿದ್ದ. ಓದಿದೆ. ಅವನು ಮೊದಲು ದೊಡ್ಡ ರಾಕ್ ತಂಡದಲ್ಲಿದ್ದನಂತೆ, ಪ್ರಪಂಚವೆಲ್ಲ ಸುತ್ತಿದ್ದನಂತೆ. ಆಮೇಲೆ ತಂಡ ಬಿಟ್ಟು, ತಾನೇ ಬರೆದು ತಾನೇ ಹಾಡಲು ಶುರು ಮಾಡಿದನಂತೆ. ಅಣ್ಣ ಕೇಳಿದ ಮೊದಲ ಪ್ರಶ್ನೆ, ಓಡಿಸಿದ್ರಾ, ಇವನೇ ಬಿಟ್ಟನಾ ಎಂದು. ಇವನೇ ಬಿಟ್ಟದ್ದು ಎಂದೆ. ಆ ಉತ್ತರ ಅವರಿಗೆ ಬಹಳ ಹಿಡಿಸಿತು.

ಕ್ಯಾಸೆಟ್ಟು ಹಾಕಿದೆವು. ನಿಜ ಹೇಳುತ್ತೇನೆ, ನನಗೇನೂ ಹಿಡಿಸಲಿಲ್ಲ. ಒಡಕು ದನಿ, ಅಲ್ಲಲ್ಲಿ ಉಸಿರು ಸಾಲದು, ಮೇಲಿನ ಸ್ವರಕ್ಕೆ ಹೋದರೆ ಬಿರುಕು. ಹೀಗೆ ಹಾಡಿದರೆ ನಮ್ಮ ಕಡೆ ಚಪ್ಪಲಿ ಬೀಳುತ್ತದೆ ಎಂದು ನಕ್ಕೆ. ಅಣ್ಣ ನಗಲಿಲ್ಲ.

"ಏನ್ ಯೋಳ್ತಾವ್ನೋ ನಂಗೂ ತಿಳಿಯಾಕಿಲ್ಲ ಕಣವ್ವ. ಆದ್ರೆ ಯಾರ್ ತರಾನೂ ಯೋಳ್ತಿಲ್ಲ ನೋಡು" ಎಂದರು.

ಕ್ಯಾಸೆಟ್ಟಿನ ಆ ಚಿತ್ರವನ್ನು ಅಂಗಡಿಯಲ್ಲಿ ದೇವರ ಪಟಗಳ ಪಕ್ಕ ಅಂಟಿಸಿದರು. ನಿಮಿಷಾಂಬಕ್ಕೆ ಹೊರಟ ಹೆಂಗಸರು ಅಂಗಡಿ ಮುಂದೆ ಹಾದುಹೋಗುವಾಗ ಎಲ್ಲ ಪಟಕ್ಕೂ ಒಟ್ಟಿಗೆ ಕೈಮುಗಿಯುತ್ತಿದ್ದರು. ಗಡ್ಡ ಇತ್ತಲ್ಲ, ಯಾವುದೋ ಮಠದ ಸ್ವಾಮಿಗಳೆಂದು ತಿಳಿದವರೂ ಇದ್ದರು. ಅಣ್ಣ ಯಾರಿಗೂ ಅಲ್ಲ ಎನ್ನುತ್ತಿರಲಿಲ್ಲ.

ಅಲ್ಲಿಂದ ಸ್ವಂತ ಹಾಡು ಕಟ್ಟುವ ಹುಚ್ಚು ಹತ್ತಿತು. ಹಳೆಯ ಗಿಟಾರೊಂದನ್ನು ಹೊಂದಿಸಿಕೊಂಡು ಬಾರಿಸುವುದನ್ನೂ ಕಲಿತರು. ಮೊದಲ ಹಾಡೇ ಅವರ ಜನ್ಮಕ್ಕೆ ಅಂಟಿಕೊಂಡ ಹಾಡು. ಅದು ಅತ್ತಿಗೆಯ ಕಥೆ. ಅತ್ತಿಗೆ ಕೆ.ಆರ್. ಪೇಟೆ ಕಡೆಯ ಶೀಳನೆರೆಯವರು. ಮದುವೆಗೆ ಮುಂಚೆ ಒಂದು ದಿನ ಬಸ್ಸಿನಿಂದ ಇಳಿಯುವಾಗ ಅವರ ಸೆರಗು ಬಾಗಿಲಿಗೆ ಸಿಕ್ಕಿಕೊಂಡು, ಬಸ್ಸು ಹೊರಡುವುದರಲ್ಲಿತ್ತು. ಒಳಗೆ ಕೂತಿದ್ದ ಅಣ್ಣ ಬಸ್ಸಿನ ತಗಡು ಬಡಿದು ನಿಲ್ಲಿಸಿದರು. ಅಷ್ಟೇ. ಆರು ತಿಂಗಳಲ್ಲಿ ಮದುವೆಯಾಯಿತು. ಆ ಹಾಡಿನ ಮೊದಲ ಎರಡು ಸಾಲು ಹೀಗಿತ್ತು:

ಸೀಳ್ನೆರೆ ದಾರೀಲಿ ಸೀರೆ ಸೆರಗು ಸಿಕ್ಕೊಂತು,
ಪಾಂಡುಪುರದ ಬಸ್ಸು ಪಾಪ ನೋಡ್ಕೊಂಡ್ ನಿಂತ್ಕೊಂತು.

ಅತ್ತಿಗೆಗೆ ಈ ಹಾಡು ಕಂಡರೆ ಆಗುತ್ತಿರಲಿಲ್ಲ. ನನ್ನ ಸೆರಗನ್ನು ಊರ ತುಂಬ ಹರಡಿಕೊಂಡು ತಿರುಗುತ್ತಾರೆ ಎಂದು ಗೊಣಗುತ್ತಿದ್ದರು. ಅಣ್ಣ ಮನೆಯಲ್ಲಿ ಗಿಟಾರು ಹಿಡಿದು ಆ ಸಾಲು ಎತ್ತಿದರೆ ಸಾಕು, ಬೀದಿ ಕಡೆಯ ಕಿಟಕಿ ಪಟಾರನೆ ಮುಚ್ಚಿಬಿಡುತ್ತಿದ್ದರು. ಗಂಡನ ಒಂದು ಪ್ರೋಗ್ರಾಮಿಗೂ ಅವರು ಬಂದವರಲ್ಲ.

ಹಾಡು ಕಟ್ಟಿದ್ದಾಯಿತು, ಇನ್ನು ಹಾಡುವುದೆಲ್ಲಿ? ಆರ್ಕೆಸ್ಟ್ರಾದ ಯಜಮಾನರನ್ನು ಕೇಳಿದರು. ಯಜಮಾನರು ಕೆಟ್ಟವರೇನಲ್ಲ, ಆದರೆ ಜನ ಸಿನಿಮಾ ಹಾಡಿಗೆ ಬರುತ್ತಾರೆ, ನಿನ್ನ ಹೆಂಡತಿ ಸೆರಗಿಗೆ ಬರುವುದಿಲ್ಲ ಎಂದುಬಿಟ್ಟರು. ಅಣ್ಣ ಅಲ್ಲೇ ಬಿಳಿ ಶೂ ಬಿಚ್ಚಿ, ಚಪ್ಪಲಿ ಮೆಟ್ಟಿಕೊಂಡು, ನಾಳೆಯಿಂದ ಬರುವುದಿಲ್ಲ ಎಂದರು. ನಾನು ಹಿಂದೆಯೇ ಓಡಿದೆ. ನನ್ನ ಡ್ಯುಯೆಟ್ಟುಗಳ ಗತಿ ಏನು?

"ಏನಣ್ಣ, ತಲೆ ಗಿಲೆ ಕೆಟ್ಟದಾ ನಿಮ್ಗೆ? ಒಂದೊಂದ್ ಆಡ್ಗೂ ಒನ್ಸ್ ಮೋರ್ ಬೀಳ್ತದೆ, ಇನ್ನೇನ್ ಬೇಕು?"

"ಆ ಒನ್ಸ್ ಮೋರು ನಂಗಲ್ಲ ಕಣವ್ವ, ಅವ್ರಿಗೆ" ಎಂದು ಯಾವುದೋ ದೂರದ ಊರಿನ ಕಡೆ ಕೈ ತೋರಿಸಿದರು. "ನನ್ ಆಡ್ಗೆ, ನನ್ ಗಂಟಲ್ಗೆ ಒಂದೇ ಒಂದ್ ಒನ್ಸ್ ಮೋರ್ ಬೀಳ್ಬೇಕು. ಅದ್ ಬಿದ್ಬುಟ್ರೆ ಈ ಜನ್ಮಕ್ಕೆ ಸಾಕು."

ಬೀಳದಿದ್ದರೆ ಎಂದು ಕೇಳಿದೆ. ಉತ್ತರ ನಿಮಗೆ ಗೊತ್ತೇ ಇದೆ. ಬತ್ತದೆ ಬುಡು.

ಅವರ ಮೊದಲ ಒಂಟಿ ಕಾರ್ಯಕ್ರಮ ನಾಗಮಂಗಲ ತಾಲ್ಲೂಕಿನ ದೇವಲಾಪುರದಲ್ಲಿ, ಗಣೇಶನ ಹಬ್ಬಕ್ಕೆ. ಕಮಿಟಿಯ ಹುಡುಗರನ್ನು ಅಣ್ಣ ಹೇಗೆ ಒಪ್ಪಿಸಿದರೋ ಆ ಗಣೇಶನಿಗೇ ಗೊತ್ತು. ಹತ್ತಿರದ ಊರಲ್ಲವೇ, ಏನಾಗುತ್ತದೋ ನೋಡೋಣವೆಂದು ನಮ್ಮಪ್ಪನ ಜೊತೆ ನಾನೂ ಹೋದೆ. ಜನ ಭರ್ತಿಯಾಗಿತ್ತು. ಚಾಪೆ, ಗೋಣಿತಾಟು ಹಾಸಿಕೊಂಡು, ಕಡಲೆಕಾಯಿ ಬಿಡಿಸಿಕೊಂಡು ಕೂತಿದ್ದರು. ಅಣ್ಣ ಗಿಟಾರು ಹಿಡಿದು ಸ್ಟೇಜಿಗೆ ಹತ್ತಿದರು. ಹಿಂದೆ ಕೀಬೋರ್ಡಿಲ್ಲ, ಡ್ರಮ್ಮಿಲ್ಲ, ಬಣ್ಣದ ಲೈಟಿಲ್ಲ. ಕೈ ಕಿವಿಗೆ ಹೋಯಿತು. ಹಾಡಿದರು.

ಅವರ ಸ್ವಂತ ದನಿಯನ್ನು ನಾನು ಸರಿಯಾಗಿ ಕೇಳಿದ್ದು ಅವತ್ತೇ. ಆ ದೊಡ್ಡ ಗಾಯಕರ ದನಿಯಲ್ಲಿ ಹಾಡುವಾಗ ಜೇನಿನಂತಿದ್ದ ಗಂಟಲು ಇಲ್ಲಿ ಬೇರೆಯೇ ಆಗಿತ್ತು. ಆಲೆಮನೆಯಲ್ಲಿ ಬೆಲ್ಲದ ಪಾಕ ತಳ ಹಿಡಿದರೆ ಒಂದು ವಾಸನೆ ಬರುತ್ತದಲ್ಲ, ಹಾಗೆ. ಸಿಹಿಯೂ ಇತ್ತು, ಒಂಚೂರು ಸುಟ್ಟೂ ಇತ್ತು. ನನ್ನ ಮೈ ಜುಂ ಎಂದಿತು. ಜನ ಸುಮ್ಮನೆ ಕೂತು ಕೇಳುತ್ತಿದ್ದರು. ಗೆದ್ದುಬಿಟ್ಟರು ಕಣಪ್ಪಾ ಎಂದು ಅಪ್ಪನ ಕಿವಿಯಲ್ಲಿ ಹೇಳಿದೆ.

ಮೂರನೆಯ ಹಾಡು ಮುಗಿಯಿತು. ನಮ್ಮ ಪಕ್ಕದಲ್ಲಿದ್ದ ಅಜ್ಜ ಕಡಲೆ ಸಿಪ್ಪೆ ಕೊಡವಿಕೊಂಡು, ಸ್ಟೇಜಿನ ಕಡೆ ಕೇಳುವಂತೆ, "ಮೈಕ್ ಸರಿಯಾಗದೆ ಕಣ್ರಲಾ, ಪ್ರೋಗ್ರಾಂ ಸುರು ಮಾಡ್ರಿ" ಎಂದ.

ಆಗ ನೋಡಿದೆ. ಅರ್ಧ ಜನ ರಸ್ತೆ ಕಡೆ ಮುಖ ಮಾಡಿ ಕೂತಿದ್ದರು. ಆರ್ಕೆಸ್ಟ್ರಾದ ವ್ಯಾನು ಬರುವುದನ್ನು ಕಾಯುತ್ತಿದ್ದರು! ಒಬ್ಬನೇ ಮನುಷ್ಯ, ಗೊತ್ತಿಲ್ಲದ ಹಾಡು, ಹಿಂದೆ ವಾದ್ಯವಿಲ್ಲ. ಅವರ ಲೆಕ್ಕದಲ್ಲಿ ಇದು ಮೈಕ್ ಟೆಸ್ಟು. ಸ್ವಲ್ಪ ಉದ್ದದ ಮೈಕ್ ಟೆಸ್ಟು, ಅಷ್ಟೇ. ಕಮಿಟಿಯವನೊಬ್ಬ ಸ್ಟೇಜಿಗೆ ಹತ್ತಿ, ಅಣ್ಣನ ಕಿವಿಯಲ್ಲಿ, ಮೈಕ್ ಸಾಕು, ಆರ್ಕೆಸ್ಟ್ರಾ ಪಾರ್ಟಿಯವರು ಎಲ್ಲಿ ಎಂದು ಕೇಳಿದನಂತೆ. ನಾನೇ ಪಾರ್ಟಿ ಎಂದರಂತೆ ಇವರು. ಇನ್ನೂ ಮೂರು ಹಾಡು ಹಾಡಿ, ಕಾರ್ಯಕ್ರಮ ಮುಕ್ತಾಯವಾಯಿತು ಎಂದು ಕೈಮುಗಿದರು. ಜನ ಕದಲಲಿಲ್ಲ. ಶುರುವೇ ಆಗದ್ದು ಮುಗಿಯುವುದು ಹೇಗೆ? ಅಣ್ಣ ಗಿಟಾರು ಚೀಲಕ್ಕೆ ಹಾಕಿ ಊರು ಬಿಟ್ಟ ಮೇಲೂ ಕೂತೇ ಇದ್ದರಂತೆ.

ಅವರು ಬಸ್ಸು ಹತ್ತುವ ಮುಂಚೆ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಹಿಡಿದೆ. ನನಗೆ ಅವಮಾನದಿಂದ ಕಣ್ಣಲ್ಲಿ ನೀರು. ಇನ್ನಾದರೂ ಪಾರ್ಟಿಗೆ ವಾಪಸು ಬನ್ನಿ ಎಂದು ಕೇಳಿಕೊಂಡೆ. ಅವರು ಟೀ ಆರಿಸಿಕೊಳ್ಳುತ್ತ, ತಲೆಯಲ್ಲಿ ಏನೋ ಲೆಕ್ಕ ಹಾಕುತ್ತಿದ್ದರು.

"ಯಾರೂ ಎದ್ದೋಗ್ಲಿಲ್ಲ ನೋಡ್ದಾ? ಮೈಕ್ ಟೆಸ್ಟು ಅಂತ ತಿಳ್ಕಂಡೂ ಕುಂತಿದ್ರು. ನನ್ ಜಾಗ ಎಲ್ಲದೆ ಅಂತ ಇವತ್ ಗೊತ್ತಾಯ್ತು ಕಣವ್ವ."

ಇದು ಹುಚ್ಚು ಎಂದುಕೊಂಡೆ. ಮರುವಾರ ಅವರು ನೇರ ಆರ್ಕೆಸ್ಟ್ರಾದ ಯಜಮಾನರ ಮುಂದೆ ಬಂದು ನಿಂತರು. ನಿಮ್ಮವರು ವೈರು ಎಳೆದು, ಬಾಕ್ಸು ಜೋಡಿಸಿ, ಶ್ರುತಿ ಮಾಡಿಕೊಳ್ಳುವಷ್ಟರಲ್ಲಿ ಜನ ಬೇಸತ್ತು ಗಲಾಟೆ ಮಾಡುತ್ತಾರೆ ತಾನೇ, ಆ ಹೊತ್ತು ನನಗೆ ಕೊಡಿ, ಮೈಕ್ ಟೆಸ್ಟು ನಾನು ಮಾಡುತ್ತೇನೆ ಎಂದರು. ಯಜಮಾನರಿಗೆ ಬೇಡವೆನ್ನಲು ಕಾರಣವೇ ಸಿಗಲಿಲ್ಲ. ಅಷ್ಟು ಹೊತ್ತಿಗೆ ಹೊಸ ಜೂನಿಯರ್ ಒಬ್ಬ ಬಂದಿದ್ದ, ನನ್ನ ಡ್ಯುಯೆಟ್ಟುಗಳು ನಡೆಯುತ್ತಿದ್ದವು. ಹೀಗೆ ಶುರುವಾಯಿತು ನಮ್ಮ ಅಣ್ಣನ ಸೋಲೋ ಜೀವನ.

ಮುಂದಿನ ನಾಲ್ಕೈದು ವರ್ಷ ಎಲ್ಲಿ ಗಣೇಶ, ಎಲ್ಲಿ ರಾಜ್ಯೋತ್ಸವ, ಎಲ್ಲಿ ಮದುವೆಯ ರಿಸೆಪ್ಷನ್ನು, ಅಲ್ಲೆಲ್ಲ ಮೊದಲು ಅಣ್ಣ. ನಮ್ಮ ಪಾರ್ಟಿ ಮಾತ್ರವಲ್ಲ, ಬೇರೆ ಪಾರ್ಟಿಯವರೂ ಕರೆಯತೊಡಗಿದರು. ಮೈಕ್ ಸೆಟ್ಟಿನವರಂತೂ ಅವರನ್ನು ತಲೆ ಮೇಲೆ ಹೊತ್ತುಕೊಂಡರು. ಅದಕ್ಕೆ ಕಾರಣವಿತ್ತು. 'ಹಲೋ ಹಲೋ ಮೈಕ್ ಟೆಸ್ಟಿಂಗ್' ಎಂದರೆ ಮೈಕಿನ ಕೊರತೆ ಗೊತ್ತಾಗುವುದಿಲ್ಲ, 'ಪ' ಎಂದಾಗ ಬುಸ್ಸೆನ್ನಬಾರದು, 'ಸ' ಎಂದಾಗ ಸುಯ್ಯೆನ್ನಬಾರದು, ನನ್ನ ಸೆರಗಿನ ಹಾಡಿನಲ್ಲಿ ಎರಡೂ ಬೇಕಾದಷ್ಟಿವೆ ಎಂದು ಅವರಿಗೆಲ್ಲ ಪಾಠ ಮಾಡುತ್ತಿದ್ದರು. ಆ ಹಾಡನ್ನು ಅವರು ಕಟ್ಟಿದ್ದು ಮೈಕಿಗಾಗಿ ಅಲ್ಲ ಎನ್ನುವುದು ನನಗೆ ಗೊತ್ತಿತ್ತು. ಆದರೆ ತಮ್ಮ ಸರಕು ಮಾರುವುದರಲ್ಲಿ ಅಣ್ಣನಿಗೆ ಸಂಕೋಚವಿರಲಿಲ್ಲ.

ನಿಧಾನವಾಗಿ ಇನ್ನೊಂದು ಬದಲಾವಣೆ ಆಯಿತು. ಜನ ಬೇಗ ಬರತೊಡಗಿದರು. ಊಟ ಮುಗಿಸಿ ಬರುತ್ತಿದ್ದವರು ಮೈಕ್ ಟೆಸ್ಟು ತಪ್ಪಿಹೋಗುತ್ತದೆಂದು ಸಂಜೆಗೇ ಚಾಪೆ ಹಾಸುತ್ತಿದ್ದರು. ಮೈಕ್ ಟೆಸ್ಟು ಬಹಳ ಚೆನ್ನಾಗಿತ್ತು ಎಂದು ಹೆಂಗಸರು ನನ್ನ ಹತ್ತಿರ ಹೇಳಿ ಕಳಿಸುತ್ತಿದ್ದರು. ಆದರೆ ಒನ್ಸ್ ಮೋರ್ ಮಾತ್ರ ಯಾರ ಬಾಯಿಂದಲೂ ಬರಲಿಲ್ಲ. ಬರುವುದಾದರೂ ಹೇಗೆ? ಒನ್ಸ್ ಮೋರ್ ಕೂಗುವುದು ಪ್ರೋಗ್ರಾಮಿಗೆ. ಪ್ರೋಗ್ರಾಮಿಗೆ ಮುಂಚಿನದಕ್ಕೆ ಯಾರಾದರೂ ಒನ್ಸ್ ಮೋರ್ ಅನ್ನುತ್ತಾರೆಯೇ? ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು.

ಆ ಕ್ಯಾಸೆಟ್ಟಿನ ಹಾಡುಗಾರನನ್ನು ಅಣ್ಣ ಮರೆತಿರಲಿಲ್ಲ. ಅಂಗಡಿ ಮುಂದೆ ಯಾರಾದರೂ ಬಿಳಿಯರು ಕಂಡರೆ ಒಳಗೆ ಕರೆದು, ಚಿತ್ರ ತೋರಿಸಿ, ತಮಗೆ ಗೊತ್ತಿದ್ದ ನಾಲ್ಕಾರು ಇಂಗ್ಲಿಷ್ ಮಾತಿನಲ್ಲಿ ವಿಚಾರಿಸುತ್ತಿದ್ದರು. ಅವನು ಹೇಗಿದ್ದಾನೆ, ಈಗಲೂ ಒಬ್ಬನೇ ಹಾಡುತ್ತಾನಾ, ತಂಡಕ್ಕೆ ವಾಪಸು ಹೋದನಾ? ತುಂಬ ಜನಕ್ಕೆ ಗೊತ್ತಿರಲಿಲ್ಲ. ಒಂದು ಸಲ ನಾನು ಅಲ್ಲಿದ್ದಾಗಲೇ ಒಬ್ಬ ವಯಸ್ಸಾದ ಹೆಂಗಸು ಚಿತ್ರ ನೋಡಿ ಮುಖ ಅರಳಿಸಿದಳು. ಅವನು ಈಗ ಸಣ್ಣ ಸಣ್ಣ ಹಾಲುಗಳಲ್ಲಿ ಹಾಡುತ್ತಾನೆ, ಹಳೆಯ ತಂಡದ ಹಾಡು ಹಾಡು ಎಂದು ಜನ ಕೂಗಿದರೂ ತನ್ನದನ್ನೇ ಹಾಡುತ್ತಾನೆ ಎಂದಳು. ನಾನು ಕನ್ನಡದಲ್ಲಿ ಹೇಳಿದೆ. ಅಣ್ಣ ಎದ್ದುಹೋಗಿ ಆ ಹೆಂಗಸಿಗೆ ಎಳನೀರು ತಂದುಕೊಟ್ಟು, ಅವತ್ತಿಗೆ ಅಂಗಡಿ ಬಾಗಿಲು ಹಾಕಿಬಿಟ್ಟರು. ರಿಪೇರಿಗೆ ಕೊಟ್ಟವರು ಬಂದು ಬೈದುಕೊಂಡು ಹೋದರಂತೆ.

ಇನ್ನು ಕೆ.ಆರ್. ಪೇಟೆಯ ವಿಷಯ ಹೇಳಲೇಬೇಕು. ದೊಡ್ಡ ಮೈದಾನ, ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ. ಅಣ್ಣ ಎಂದಿನಂತೆ ಟೆಸ್ಟು ಮುಗಿಸಿ ಇಳಿದರು. ಅಷ್ಟರಲ್ಲಿ ನಮ್ಮ ಹೊಸ ಜೂನಿಯರನ ಗಂಟಲು ಕಟ್ಟಿಹೋಯಿತು. ಹಿಂದಿನ ದಿನ ಮದುವೆ ಮನೆಯಲ್ಲಿ ಐಸ್‌ಕ್ರೀಮು ಬಾರಿಸಿದ್ದನಂತೆ. ಬಾಯಿ ತೆರೆದರೆ ಗಾಳಿ ಮಾತ್ರ. ಯಜಮಾನರು ಸ್ಟೇಜಿನ ಹಿಂದೆ ಅಣ್ಣನ ಎರಡೂ ಕೈ ಹಿಡಿದುಕೊಂಡರು. ನಾನೂ ಕೇಳಿಕೊಂಡೆ, ಅಷ್ಟು ಜನರ ಮುಂದೆ ನಾನೊಬ್ಬಳೇ ಏನು ಮಾಡಲಿ? ಅಣ್ಣ ಒಂದೇ ಷರತ್ತು ಹಾಕಿದರು. ಸಿನಿಮಾ ಹಾಡು ಎಷ್ಟು ಬೇಕಾದರೂ ಹಾಡುತ್ತೇನೆ, ಆದರೆ ಪ್ರೋಗ್ರಾಮಿನ ನಡುಮಧ್ಯೆ, ಎಲ್ಲ ವಾದ್ಯದ ಜೊತೆಗೆ, ಲೈಟು ಹಾಕಿಸಿ, ನನ್ನದೊಂದು ಹಾಡು. ಯಜಮಾನರು ಒಪ್ಪಿದರು.

ಅವತ್ತು ಅಣ್ಣ ಹಾಡಿದ್ದು ಹಾಡು. ಎಷ್ಟು ವರ್ಷದ ಮೇಲೆ ಆ ಜೇನಿನ ದನಿ ತೆಗೆದರೋ, ಒಂದು ಅಕ್ಷರ ಅತ್ತಿತ್ತ ಆಗಲಿಲ್ಲ. ಹಾಡಿಗೊಂದು ಒನ್ಸ್ ಮೋರ್ ಬಿತ್ತು. ಶಿಳ್ಳೆಯೋ ಶಿಳ್ಳೆ. ಆಮೇಲೆ ಅವರು ಮೈಕಿನ ಹತ್ತಿರ ಬಂದು, ಈಗ ನಾನೇ ಕಟ್ಟಿದ ಒಂದು ಹಾಡು ಎಂದು ಹೇಳಿ, ಕೈ ಕಿವಿಗೆ ತಂದರು. ಇವತ್ತು ಬಿದ್ದೇ ಬೀಳುತ್ತದೆ ಎಂದುಕೊಂಡೆ. ಆ ಜನ, ಆ ಉಮೇದು, ಆ ಲೈಟು. ಇನ್ನೇನು ಬೇಕಿತ್ತು?

'ಸೀಳ್ನೆರೆ ದಾರೀಲಿ' ಎಂದು ಎತ್ತಿದರು ನೋಡಿ. ಮೈದಾನದ ತುಂಬ ಗುಸುಗುಸು ಎದ್ದಿತು. ಹಿಂದಿನವರು ಮುಂದಿನವರನ್ನು ಕೇಳುತ್ತಿದ್ದರು, ಮೈಕ್ ಕೆಟ್ಟುಹೋಯಿತಾ ಎಂದು. ಮೈಕ್ ಸೆಟ್ಟಿನವನು ಆಂಪ್ಲಿಫೈಯರ್ ಹತ್ತಿರಕ್ಕೆ ದೌಡಾಯಿಸಿ ವೈರು ಅಲ್ಲಾಡಿಸತೊಡಗಿದ. ಆ ಹಾಡು ಬಂತೆಂದರೆ ಮೈಕ್ ಟೆಸ್ಟು, ಅದು ಮೂರು ವರ್ಷದ ಮಗುವಿಗೂ ಗೊತ್ತು. ಮಧ್ಯದಲ್ಲಿ ಟೆಸ್ಟು ಮಾಡುತ್ತಿದ್ದಾರೆಂದರೆ ಏನೋ ಕೆಟ್ಟಿದೆ! ಪಾಪ, ಹಾಡುಗಾರನಿಗೆ ಸಹಾಯ ಮಾಡೋಣವೆಂದು ಜನ ಕೂಗಲು ಶುರುಮಾಡಿದರು.

"ಕೇಳ್ತದೆ! ಕೇಳ್ತದೆ!"

ಎಡಗಡೆಯಿಂದ ಕೇಳ್ತದೆ, ಬಲಗಡೆಯಿಂದ ಕೇಳ್ತದೆ, ಮರದ ಮೇಲೆ ಕೂತವರಿಂದಲೂ ಕೇಳ್ತದೆ. ಅಣ್ಣ ಒಂದು ಸಾಲೂ ಬಿಡದೆ ಹಾಡನ್ನು ಕೊನೆಯವರೆಗೆ ಹಾಡಿದರು. ಕೈಮುಗಿದು ಇಳಿದರು. ಮೈಕ್ ಸರಿಹೋಯಿತಲ್ಲ ಎಂದು ಜನರೂ ಸಮಾಧಾನಪಟ್ಟರು.

ನಾನು ಸ್ಟೇಜಿನ ಹಿಂದೆ ಕೂತು ಗೊಳೋ ಎಂದು ಅತ್ತೆ. ಅವರಿಗಾಗಿ ಅತ್ತೆನೋ, ಆ ಪೆದ್ದು ಜನರ ಮೇಲಿನ ಸಿಟ್ಟಿಗೆ ಅತ್ತೆನೋ. ಅಣ್ಣ ಪೇಪರಿನಲ್ಲಿ ಕಟ್ಟಿದ ಮೆಣಸಿನಕಾಯಿ ಬಜ್ಜಿ ತಿನ್ನುತ್ತ ಬಂದು, ನನಗೂ ಒಂದು ಕೊಟ್ಟರು.

"ಅಳ್ತೀಯಾ ಯಾಕೆ? ಇಷ್ಟ್ ಜನ ಒಟ್ಗೆ ಕೇಳ್ತದೆ ಕೇಳ್ತದೆ ಅಂತ ಕೂಗುದ್ರಲ್ಲ, ಯಾವ್ ದೊಡ್ ಗಾಯಕ್ರಿಗೆ ಅಂಗ್ ಕೂಗವ್ರೆ ಯೋಳು."

ಒನ್ಸ್ ಮೋರ್ ಬೀಳಲಿಲ್ಲವಲ್ಲ ಅಣ್ಣ ಎಂದೆ, ಬಿಕ್ಕುತ್ತ.

"ಅದೂ ಬತ್ತದೆ ಬುಡು."

ಇದನ್ನೆಲ್ಲ ನಾನು ಅತ್ತಿಗೆಗೆ ಹೇಳಿದಾಗ ಅವರು ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತದೆ, ಅವರ ಹಾಡಿಗೆ ಮೈಕು ಒಂದಿದ್ದರೆ ಸಾಕು, ಜನ ಯಾಕೆ ಬೇಕು ಎಂದರು. ಅಣ್ಣ ಒಳಗಿನಿಂದಲೇ ಹೋ ಎಂದು ನಕ್ಕರು. ಆ ಮನೆಯಲ್ಲಿ ಪ್ರೀತಿ ನಡೆಯುತ್ತಿದ್ದ ರೀತಿಯೇ ಅದು.

ಆಮೇಲೆ ಆರ್ಕೆಸ್ಟ್ರಾಗಳ ಕಾಲ ಇಳಿಯಿತು. ನಾನು ಮದುವೆಯಾಗಿ, ಸ್ಕೂಲಿನಲ್ಲಿ ಸಂಗೀತದ ಟೀಚರ್ ಆದೆ. ಮಕ್ಕಳಿಗೆ ಮೊದಲ ದಿನ ನಾನು ಹೇಳುವುದು ಒಂದೇ, ಯಾರ ಥರಾನೂ ಹಾಡಬೇಡಿ ಎಂದು. ಟೇಪ್ ರೆಕಾರ್ಡರುಗಳು ಮೂಲೆ ಸೇರಿದರೂ ಅಣ್ಣ ಅಂಗಡಿ ಮುಚ್ಚಲಿಲ್ಲ, ಫ್ಯಾನು, ಮಿಕ್ಸಿ ರಿಪೇರಿ ಮಾಡಿದರು. ಹೊಸ ಹಾಡು ಕಟ್ಟಿದರೆ ಫೋನಿನಲ್ಲಿ ನನಗೆ ಕೇಳಿಸುತ್ತಿದ್ದರು. ನಾನು ಒನ್ಸ್ ಮೋರ್ ಎಂದರೆ, ನಿಂದು ಲೆಕ್ಕಕ್ಕಿಲ್ಲ ಕಣವ್ವ, ನೀನು ಪಾರ್ಟಿಯವಳು ಎಂದುಬಿಡುತ್ತಿದ್ದರು. ಈಚೆಗೆ ಒಂದು ದಿನ ಅಂಗಡಿಯಲ್ಲಿ ಕೂತಿದ್ದವರು ಹಾಗೇ ಎದೆ ಹಿಡಿದುಕೊಂಡು ಒರಗಿದರಂತೆ. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಹನ್ನೊಂದನೆಯ ದಿನದ ತಿಥಿಗೆ ಗಂಜಾಂಗೆ ಹೋದೆ. ಮನೆ ಮುಂದೆ ಶಾಮಿಯಾನ ಹಾಕಿದ್ದರು. ಅಂಗಡಿಯ ಗೋಡೆಯಲ್ಲಿದ್ದ ಆ ಕ್ಯಾಸೆಟ್ಟಿನವನ ಚಿತ್ರವನ್ನು ಯಾರೋ ತಂದು ಅಣ್ಣನ ಫೋಟೋ ಪಕ್ಕ ಇಟ್ಟು, ಇಬ್ಬರಿಗೂ ಹೂವಿನ ಹಾರ ಹಾಕಿದ್ದರು. ಅವನು ಬದುಕಿದ್ದಾನೋ ಇಲ್ಲವೋ ಯಾರಿಗೆ ಗೊತ್ತು. ನನಗೆ ನಗು ಬಂತು. ಅತ್ತಿಗೆ ಜಗಲಿಯ ಮೇಲೆ ಹೆಂಗಸರ ನಡುವೆ ಕೂತಿದ್ದರು. ಅವರ ಪಕ್ಕ ಹೋಗಿ ಕೂತೆ. ಅವರು ಅಳುತ್ತಿರಲಿಲ್ಲ, ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಕೈ ಹಿಡಿದುಕೊಂಡರೂ ತಿರುಗಿ ನೋಡಲಿಲ್ಲ.

ಭಜನೆಯವರಿಗಾಗಿ ಮೈಕ್ ಸೆಟ್ಟು ತರಿಸಿದ್ದರು. ಸೆಟ್ಟಿನವನು ಮೇಲುಕೋಟೆ ಕಡೆಯವನು, ನಡುವಯಸ್ಸಿನವನು. ಅಣ್ಣನನ್ನು ನೋಡಿಯೂ ಇರಲಿಲ್ಲ, ಇದು ಯಾರ ಮನೆ ಎಂದೂ ಅವನಿಗೆ ಗೊತ್ತಿರಲಿಲ್ಲ. ಬಾಕ್ಸು ಇಟ್ಟ, ವೈರು ಸಿಕ್ಕಿಸಿದ, ಮೈಕು ಬಾಯಿಗೆ ಹಿಡಿದ. ಹಲೋ ಎನ್ನಲಿಲ್ಲ. ಬಾಕ್ಸಿನ ಕಡೆ ಕಿವಿ ಕೊಟ್ಟು, ದಿನನಿತ್ಯದ ಕೆಲಸವೆಂಬಂತೆ ಹಾಡಿದ.

"ಸೀಳ್ನೆರೆ ದಾರೀಲಿ ಸೀರೆ ಸೆರಗು ಸಿಕ್ಕೊಂತು, ಪಾಂಡುಪುರದ ಬಸ್ಸು ಪ, ಪ, ಪಾಪ ನೋಡ್ಕೊಂಡ್ ನಿಂತ್ಕೊಂತು."

ನಾನು ದಡಕ್ಕನೆ ಎದ್ದುಹೋಗಿ, ಅದು ಯಾರ ಹಾಡು ಗೊತ್ತಾ ಎಂದು ಅವನನ್ನು ಕೇಳಿದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ.

"ಯಾರ್ದೂ ಅಲ್ಲ ಕಣಕ್ಕ, ಇದು ಮೈಕ್ ಟೆಸ್ಟ್ ಮಾಡೋದು. ನಮ್ ಕಡೆ ಸೆಟ್ನೋರೆಲ್ಲ ಇದ್ನೇ ಆಡೋದು" ಎಂದು ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಲು ಹೋದ.

ಆಗ ಜಗಲಿಯಿಂದ ಅತ್ತಿಗೆಯ ದನಿ ಬಂತು. ಅಷ್ಟು ಹೊತ್ತಿಗೆ ಅವರು ಆಡಿದ ಮೊದಲ ಮಾತು.

"ಇನ್ನೊಂದ್ ಕಿತ ಟೆಸ್ಟ್ ಮಾಡಪ್ಪ."

ಸೆಟ್ಟಿನವನು ಗಾಬರಿಯಾದ. ಬಾಕ್ಸಿನ ಕಡೆ ಒಮ್ಮೆ, ಅವರ ಕಡೆ ಒಮ್ಮೆ ನೋಡಿ, ಅಲ್ಲಿಗೆ ಸರಿಯಾಗಿ ಕೇಳಿಸಲಿಲ್ಲವಾ ಅವ್ವಾ ಎಂದು ಕೇಳಿದ.

ಅತ್ತಿಗೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

"ಕೇಳ್ತದೆ" ಎಂದರು. "ಇನ್ನೊಂದ್ ಕಿತ ಆಡು."